ಐದು ದಿನದ ಭ್ರೂಣ, ನಾಡಿನ ಬೊಕ್ಕಸ

ಫಲಿತಗೊಂಡ ಅಂಡಾಣುವಿಗೆ ಐದು ದಿನ ತುಂಬುವ ಹೊತ್ತಿಗೆ ಅದು ನೂರರಿಂದ ಇನ್ನೂರು ಜೀವಕೋಶಗಳ ಗೋಳವಾಗಿರುತ್ತದೆ. ಅದರ ವ್ಯಾಸ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು ಮಾತ್ರ. ಹೊರಗಿನ ಪದರವು ಮುಂದೆ ಮಾಸಾಗಿ ತಾಯಿಯ ರಕ್ತದಿಂದ ಅನ್ನವನ್ನು ಹೀರಬೇಕಾದದ್ದು. ಒಳಗೆ ಒಂದು ಬದಿಗೆ ಒತ್ತಿಕೊಂಡಿರುವ ಪುಟ್ಟ ಕೋಶಪುಂಜ ಶರೀರವಾಗಬೇಕಾದದ್ದು. ಮಿಡಿಯುವ ಹೃದಯ, ನೆನಪಿಡುವ ಮೆದುಳು, ಬೆಳಕನ್ನು ಗ್ರಹಿಸುವ ಅಕ್ಷಿಪಟಲ, ಇನ್ಸುಲಿನ್ ಸ್ರವಿಸುವ ಮೇದೋಜೀರಕ, ಇವೆಲ್ಲವೂ ಈ ಕೆಲವೇ ಕೋಶಗಳಲ್ಲಿ ಸಾಧ್ಯತೆಯಾಗಿ ಅಡಗಿವೆ. ಯಾವುದೂ ಇನ್ನೂ ರೂಪುಗೊಂಡಿಲ್ಲ. ಈ ಪುಂಜವನ್ನು ಬಿಡಿಸಿ ಪೋಷಕದ್ರವದಲ್ಲಿ ಸರಿಯಾಗಿ ಸಾಕಿದರೆ ಅದು ವರ್ಷಗಟ್ಟಲೆ ದ್ವಿಗುಣಗೊಳ್ಳುತ್ತಲೇ ಹೋಗುತ್ತದೆ, ಅಪೇಕ್ಷಿಸಿದ ಅಂಗಾಂಶದತ್ತ ತಿರುಗಿಸಲೂಬಹುದು. ಭ್ರೂಣೀಯ ಆಕರಕೋಶ, ಅಂದರೆ ಎಂಬ್ರಿಯಾನಿಕ್ ಸ್ಟೆಮ್ ಸೆಲ್ ಎಂದು ಜಗತ್ತು ಬೆರಗಿನಿಂದ ಕರೆಯುವುದು ಇದನ್ನೇ.

ಆದರೆ ಪುಂಜವನ್ನು ಹೊರತೆಗೆದ ಮೇಲೆ ಭ್ರೂಣ ಉಳಿಯುವುದಿಲ್ಲ. ಈ ವಿಜ್ಞಾನದ ವೈಭವವೂ ವೇದನೆಯೂ ಒಂದೇ ಕ್ಷಣದಲ್ಲಿ ಹುಟ್ಟುತ್ತವೆ. ಇಂತಹ ಸಂಶೋಧನೆಗೆ ಪ್ರಜೆಗಳ ತೆರಿಗೆಯ ಹಣವನ್ನು ಕೊಡಬಹುದೆ ಎಂಬ ಪ್ರಶ್ನೆ ಕಾಲು ಶತಮಾನದಿಂದ ಸಂಸತ್ತುಗಳನ್ನೂ ಧರ್ಮಪೀಠಗಳನ್ನೂ ಕಾಡಿದೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಟ್ಟೆ ಕೊಳ್ಳುವವರೂ, ಸಿರುಗುಪ್ಪದಲ್ಲಿ ಟ್ರ್ಯಾಕ್ಟರಿಗೆ ಬಿಡಿಭಾಗ ತರುವವರೂ, ಕುರುಗೋಡಿನ ಸಂತೆಯ ದಿನ ಅಂಗಡಿಯಿಂದ ಸೋಪು ಒಯ್ಯುವವರೂ ಕಟ್ಟುವ ತೆರಿಗೆಯಲ್ಲಿ ಒಂದು ಸೂಕ್ಷ್ಮಾಂಶ ಈ ಕೋಶಗಳಿಗೆ ಸಲ್ಲುತ್ತದೆ. ಆದ್ದರಿಂದ ಈ ಪ್ರಶ್ನೆಯ ಪೂರ್ಣ ಚಿತ್ರವನ್ನು ನೋಡುವ ಅಧಿಕಾರ ಅವರಿಗಿದೆ.

ಚರಿತ್ರೆಯ ಮೊದಲ ಪುಟ ತೆರೆದದ್ದು 1998ರ ನವೆಂಬರಿನಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಮೊಟ್ಟಮೊದಲ ಆಕರಕೋಶಗಳ ಸಂತತಿಯನ್ನು ಸ್ಥಾಪಿಸಿದರು. ಭ್ರೂಣವನ್ನು ನಾಶಪಡಿಸುವ ಸಂಶೋಧನೆಗೆ ಕೇಂದ್ರ ಸರ್ಕಾರದ ಹಣ ಕೂಡದೆಂಬ ನಿಬಂಧನೆ ಅಲ್ಲಿ 1996ರಿಂದಲೇ ಜಾರಿಯಲ್ಲಿತ್ತು. ಹಾಗಾಗಿ ಥಾಮ್ಸನ್ ಖಾಸಗಿ ಕಂಪನಿಯ ನೆರವು ಪಡೆದು, ಸರ್ಕಾರಿ ಹಣದ ಒಂದೇ ಒಂದು ಉಪಕರಣವೂ ಒಳಬಾರದಂತೆ ಪ್ರತ್ಯೇಕ ಪ್ರಯೋಗಾಲಯದಲ್ಲಿ ಈ ಕೆಲಸ ನಡೆಸಬೇಕಾಯಿತು. ಮನುಕುಲಕ್ಕೆಲ್ಲ ಸೇರಬೇಕಾದ ಜ್ಞಾನವೊಂದು ಜನ್ಮತಃ ಖಾಸಗಿ ಹಕ್ಕಿನ ನೆರಳಿನಲ್ಲಿ ಬೆಳೆಯಿತು. ಬೊಕ್ಕಸ ಹಿಂದೆ ಸರಿದರೆ ಸಂಶೋಧನೆ ನಿಲ್ಲುವುದಿಲ್ಲ, ಅದರ ಒಡೆತನವಷ್ಟೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಬಲ ನಿದರ್ಶನ ಬೇಕಿಲ್ಲ.

ಮೂರು ವರ್ಷಗಳ ಬಳಿಕ ಈ ಕಥೆಯೊಳಕ್ಕೆ ಕರ್ನಾಟಕ ಪ್ರವೇಶಿಸಿತು, ಅದೂ ಅತ್ಯಂತ ಅನಿರೀಕ್ಷಿತ ದ್ವಾರದಿಂದ. 2001ರ ಆಗಸ್ಟ್ 9ರ ರಾತ್ರಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ತಮ್ಮ ರಾಷ್ಟ್ರಕ್ಕೆ ನಿರ್ಧಾರವೊಂದನ್ನು ತಿಳಿಸಿದರು: ಅಂದಿನವರೆಗೆ ಸ್ಥಾಪನೆಯಾಗಿರುವ ಕೋಶಸಂತತಿಗಳಿಗೆ ಮಾತ್ರ ಸರ್ಕಾರಿ ಅನುದಾನ ಸಲ್ಲಬಹುದು, ಹೊಸ ಭ್ರೂಣವೊಂದನ್ನೂ ಅದಕ್ಕಾಗಿ ಮುಟ್ಟುವಂತಿಲ್ಲ. ಅರ್ಹ ಸಂತತಿಗಳು ಜಗತ್ತಿನಲ್ಲಿ ಎಲ್ಲೆಲ್ಲಿವೆ ಎಂಬ ಹುಡುಕಾಟದ ಫಲವಾಗಿ ಹೊರಬಿದ್ದ ಪಟ್ಟಿಯಲ್ಲಿ ಭಾರತದ ಎರಡು ಹೆಸರುಗಳಿದ್ದವು. ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್ ಹೆಸರಿನಲ್ಲಿ 7 ಸಂತತಿಗಳು, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಹೆಸರಿನಲ್ಲಿ 3. ಶ್ವೇತಭವನದ ನೈತಿಕ ಸಂಕಟದ ನಡುವೆ ಹೆಬ್ಬಾಳದಾಚೆಯ ಜಿಕೆವಿಕೆ ಆವರಣ ಕಾಣಿಸಿಕೊಂಡ ಆ ಗಳಿಗೆ ನಮ್ಮ ವಿಜ್ಞಾನ ಚರಿತ್ರೆಯಲ್ಲಿ ಯೋಗ್ಯ ಸ್ಥಾನವನ್ನು ಇನ್ನೂ ಪಡೆದಿಲ್ಲ. ಪಟ್ಟಿಯ ಬಹುಪಾಲು ಸಂತತಿಗಳು ಸಂಶೋಧಕರ ಕೈ ಸೇರಲೇ ಇಲ್ಲ. ಬಳಕೆಗೆ ದೊರೆತವು ಸುಮಾರು ಇಪ್ಪತ್ತು. ಭಾರತದವು ಅವುಗಳಲ್ಲಿ ಸೇರಿರಲಿಲ್ಲ. ಆದರೂ ಒಂದು ಸತ್ಯ ಅಂದು ಪ್ರಕಟವಾಯಿತು. ಒಂದು ದೇಶದ ಖಜಾನೆಯ ತೀರ್ಮಾನ ಇನ್ನೊಂದು ದೇಶದ ಭ್ರೂಣಗಳ ಮೌಲ್ಯವನ್ನೇ ಬದಲಿಸಬಲ್ಲದು. ತನ್ನದೇ ನಿಯಮವಿಲ್ಲದ ದೇಶ ಪರರ ನಿಯಮಕ್ಕೆ ಸರಕನ್ನು ಪೂರೈಸುವ ಅಪಾಯದಲ್ಲಿರುತ್ತದೆ.

ಅಮೆರಿಕದಲ್ಲಿ ಆ ನಿರ್ಬಂಧವನ್ನು ಬರಾಕ್ ಒಬಾಮಾ 2009ರ ಮಾರ್ಚ್ 9ರಂದು ಸಡಿಲಿಸಿದರು. ಅದಕ್ಕೂ ಮುನ್ನವೇ, 2004ರಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು ಈ ಸಂಶೋಧನೆಗೆ 300 ಕೋಟಿ ಡಾಲರುಗಳ ಸಾರ್ವಜನಿಕ ಸಾಲಪತ್ರಕ್ಕೆ ನೇರವಾಗಿ ಮತ ನೀಡಿದ್ದರು. 2020ರಲ್ಲಿ ಇನ್ನೂ 550 ಕೋಟಿಗೆ ಸಮ್ಮತಿಸಿದರು.

2009 ಕರ್ನಾಟಕಕ್ಕೂ ಸುವರ್ಣ ವರ್ಷ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆ. ಅಲ್ಲಿ ಮನೀಷಾ ಇನಾಮದಾರ್ ಮತ್ತು ಸಹಸಂಶೋಧಕರು ಎರಡು ಮಾನವ ಭ್ರೂಣೀಯ ಕೋಶಸಂತತಿಗಳನ್ನು ಸ್ಥಾಪಿಸಿ ಆ ವರ್ಷ ಪ್ರಕಟಿಸಿದರು. ಅವುಗಳ ಹೆಸರು ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20. ಇವೆರಡೂ ಸಹೋದರ ಸಂತತಿಗಳು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಉಂಟಾಗಿ, ಗುಣಮಟ್ಟದಲ್ಲಿ ಮೂರನೆಯ ದರ್ಜೆಯವೆಂದು ನಿರ್ಣಯಗೊಂಡು, ಗರ್ಭಕ್ಕೆ ಸೇರಿಸಲು ತಕ್ಕುದಲ್ಲವೆಂದು ವಿಸರ್ಜನೆಗೆ ಸಿದ್ಧವಾಗಿದ್ದ ಭ್ರೂಣಗಳೇ ಅವುಗಳ ಮೂಲ. ಯಾವ ಮನೆಯಲ್ಲೂ ತೊಟ್ಟಿಲು ಕಟ್ಟಿಸಲಾರದ ಭ್ರೂಣಗಳಿಂದ ಜಗತ್ತಿನ ವಿಜ್ಞಾನಕ್ಕೆ ಸಲ್ಲುವ ಜೀವಕೋಶಗಳು ಮೂಡಿದವು. ಬ್ರಿಟನ್ನಿನ ಆಕರಕೋಶ ಬ್ಯಾಂಕಿನಲ್ಲೂ ಅವುಗಳಿಗೆ ಸ್ಥಾನ ದೊರೆಯಿತು. ಅಂದು ಜಗತ್ತಿನಲ್ಲಿ ಬಳಕೆಯಲ್ಲಿದ್ದ ಸಂತತಿಗಳಲ್ಲಿ ಹೆಚ್ಚಿನವು ಐರೋಪ್ಯ ಮೂಲದವು. ಭಾರತೀಯರ ವಂಶವಾಹಿಗಳ ವೈವಿಧ್ಯಕ್ಕೆ ಅಲ್ಲಿ ಪ್ರಾತಿನಿಧ್ಯವೇ ವಿರಳವಾಗಿತ್ತು. ನಮ್ಮ ದೇಹದಲ್ಲಿ ಔಷಧವೊಂದು ಹೇಗೆ ವರ್ತಿಸುತ್ತದೆ ಎಂದು ಅರಿಯಲು ನಮ್ಮದೇ ಕೋಶಗಳು ಬೇಕು. ಈ ಸಾಧನೆಯ ಮಹತ್ವವನ್ನು ಎಷ್ಟು ಹೊಗಳಿದರೂ ಅತಿಶಯೋಕ್ತಿಯಾಗದು.

ಅದೇ 2009ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯು ಆಕರಕೋಶ ವಿಜ್ಞಾನಕ್ಕೇ ಮೀಸಲಾದ ಇನ್‌ಸ್ಟೆಮ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು. ಮನೀಷಾ ಇನಾಮದಾರ್ ಮುಂದೆ ಅದರ ನಿರ್ದೇಶಕಿಯಾದರು. ಇಲ್ಲಿಯ ಕೆಲಸವೆಲ್ಲ ಭ್ರೂಣದ ಮೇಲೆಯೇ ನಡೆಯುತ್ತದೆಂದು ತಿಳಿಯಬಾರದು. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನು ಹಿಮ್ಮುಖವಾಗಿ ನಡೆಸಿ ಭ್ರೂಣಾವಸ್ಥೆಯ ಸಾಮರ್ಥ್ಯಕ್ಕೆ ಮರಳಿಸಿ 2012ರ ನೊಬೆಲ್ ಪಡೆದ ಮೇಲೆ ಹೊಸ ಮಾರ್ಗವೇ ತೆರೆದುಕೊಂಡಿತು. ಆ ಮಾರ್ಗದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್ ಮತ್ತು ನಿಮ್ಹಾನ್ಸ್ ಸೇರಿ, ಮನೋರೋಗಗಳು ತಲೆಮಾರುಗಳಲ್ಲಿ ಹರಿದುಬಂದ ಕುಟುಂಬಗಳ ರಕ್ತದಿಂದ ಇಂತಹ ಕೋಶಗಳನ್ನು ರೂಪಿಸಿ, ಮೆದುಳಿನ ವ್ಯಾಧಿಗಳ ಮೂಲವನ್ನು ಶೋಧಿಸುತ್ತಿವೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿಳಿದು ನಿಮ್ಹಾನ್ಸಿನ ಸಾಲಿನಲ್ಲಿ ನಿಲ್ಲುವ ಬಳ್ಳಾರಿ ಸೀಮೆಯ ಕುಟುಂಬಗಳಿಗೆ ಈ ಶೋಧ ಬೇರೆಲ್ಲರಿಗಿಂತ ಹತ್ತಿರದ್ದು.

ಸಿರುಗುಪ್ಪದ ಮೆಣಸಿನಕಾಯಿ ಹೊಲಗಳಿಗೂ ಕುರುಗೋಡಿನ ಹತ್ತಿಯ ಸಾಲುಗಳಿಗೂ ಇನ್‌ಸ್ಟೆಮ್ ಸಂಸ್ಥೆಯಿಂದ ಬಂದ ಒಂದು ಕಾಣಿಕೆಯಿದೆ, ಅದನ್ನು ಬಲ್ಲವರು ಕಡಿಮೆ. ಬೆನ್ನಿಗೆ ಪಂಪು ಕಟ್ಟಿ ಎಣ್ಣೆ ಹೊಡೆಯುವ ರೈತನ ಮೈಗೆ ಕೀಟನಾಶಕ ಇಳಿದು ನರಗಳನ್ನು ಬಾಧಿಸುವುದನ್ನು ತಡೆಯಲು, ವಿಷವನ್ನು ತಾಗಿದೊಡನೆ ನಿಷ್ಕ್ರಿಯಗೊಳಿಸುವ ಬಟ್ಟೆಯನ್ನು ಇನ್‌ಸ್ಟೆಮ್ ವಿಜ್ಞಾನಿಗಳು ರೂಪಿಸಿದರು. ತೊಳೆದು ಮತ್ತೆ ಮತ್ತೆ ತೊಡಬಹುದಾದ ಆ ಉಡುಪು ಕಿಸಾನ್ ಕವಚ್ ಎಂಬ ಹೆಸರಿನಿಂದ 2024ರ ಡಿಸೆಂಬರಿನಲ್ಲಿ, 4,000 ರೂಪಾಯಿ ಬೆಲೆಗೆ, ಲೋಕಾರ್ಪಣೆಯಾಯಿತು. ಆಕರಕೋಶಗಳಿಗೆಂದು ಕಟ್ಟಿದ ಸಂಸ್ಥೆ ರೈತನ ಅಂಗಿಯನ್ನೂ ನೇಯಿತು. ಸಾರ್ವಜನಿಕ ಹಣದಿಂದ ಬೆಳೆದ ಜ್ಞಾನಕ್ಕೆ ಇಂತಹ ಔದಾರ್ಯ ಸಹಜ. ಯಾವ ಬಾಗಿಲಿಗೆ ಅದು ತಲುಪೀತೆಂದು ಆರಂಭದಲ್ಲಿ ಯಾರೂ ನಿಗದಿಪಡಿಸಿರುವುದಿಲ್ಲ.

ಹಾಗಾದರೆ ಆಕ್ಷೇಪವೇನು? ಅದನ್ನು ಅದರ ಪೂರ್ಣ ಘನತೆಯಲ್ಲಿ ಕೇಳಿಸಿಕೊಳ್ಳಬೇಕು. ಗರ್ಭಧಾರಣೆಯ ಕ್ಷಣದಿಂದಲೇ ಭ್ರೂಣ ಮಾನವಜೀವವೆಂದು ಕಥೋಲಿಕ ಧರ್ಮಸಭೆ ಸ್ಪಷ್ಟವಾಗಿ ಬೋಧಿಸುತ್ತದೆ. ಬಳ್ಳಾರಿಯೂ ಒಂದು ಕಥೋಲಿಕ ಧರ್ಮಪ್ರಾಂತದ ಕೇಂದ್ರ. ಆ ನಂಬಿಕೆಯ ಶುಶ್ರೂಷಕಿಯೊಬ್ಬಳು ತಾನು ಒಪ್ಪದ ಕಾರ್ಯಕ್ಕೆ ತನ್ನ ಸಂಬಳದ ತೆರಿಗೆ ಯಾಕೆ ಹೋಗಬೇಕೆಂದು ಕೇಳಿದರೆ ಅದು ಹುಂಬ ಪ್ರಶ್ನೆಯಾಗದು. ಇಸ್ಲಾಮಿನ ಅನೇಕ ವಿದ್ವಾಂಸರು ಗರ್ಭದಲ್ಲಿ ಆತ್ಮದ ಪ್ರವೇಶವನ್ನು 120 ದಿನಗಳ ನಂತರವೆಂದೂ, ಕೆಲವರು 40 ದಿನಗಳ ನಂತರವೆಂದೂ ಗಣಿಸುತ್ತಾರೆ. ನಮ್ಮ ಪರಂಪರೆಯಲ್ಲಂತೂ ಎರಡು ಧ್ವನಿಗಳಿವೆ. ಶುಕ್ರ, ಶೋಣಿತ ಮತ್ತು ಜೀವದ ಸಂಯೋಗವೇ ಗರ್ಭವೆಂದು ಚರಕ ಸಂಹಿತೆ ಹೇಳಿದರೆ, ಗರ್ಭೋಪನಿಷತ್ತು ಮೊದಲ ರಾತ್ರಿಯ ಕಲಲ, ಏಳು ರಾತ್ರಿಗಳ ಬುದ್ಬುದ, ಅರ್ಧ ಮಾಸದ ಪಿಂಡವೆಂದು ಹಂತಹಂತದ ವಿಕಾಸವನ್ನು ಗುರುತಿಸುತ್ತದೆ. ಪ್ರಾಚೀನರಲ್ಲಿ ಆಧುನಿಕ ಪ್ರಯೋಗಾಲಯವನ್ನು ಹುಡುಕುವ ಅಗತ್ಯವಿಲ್ಲ. ಆದರೆ ಬೆಳವಣಿಗೆಯ ಮೆಟ್ಟಿಲುಗಳಿಗೆ ಬೇರೆ ಬೇರೆ ಹೆಸರಿಟ್ಟ ಆ ಸೂಕ್ಷ್ಮ ದೃಷ್ಟಿ ಇಂದಿನ ಚರ್ಚೆಗೂ ಉಪಕಾರಿ.

ಏಕೆಂದರೆ ಆಧುನಿಕ ನಿಯಮವೂ ಅರ್ಧ ಮಾಸದ ಬಳಿಯಲ್ಲೇ ಗೆರೆ ಎಳೆದಿದೆ. ತತ್ತ್ವಜ್ಞೆ ಮೇರಿ ವಾರ್ನಾಕ್ ಅಧ್ಯಕ್ಷತೆಯ ಬ್ರಿಟಿಷ್ ಸಮಿತಿ 1984ರಲ್ಲಿ 14 ದಿನಗಳ ಮಿತಿಯನ್ನು ಸೂಚಿಸಿತು. 1990ರಲ್ಲಿ ಅದು ಅಲ್ಲಿ ಶಾಸನವಾಯಿತು. ಸರಿಸುಮಾರು ಆ ದಿನಕ್ಕೆ ಭ್ರೂಣದಲ್ಲಿ ಮೊದಲ ಅಕ್ಷರೇಖೆ ಮೂಡುತ್ತದೆ. ಅನಂತರ ಅದು ಒಡೆದು ಅವಳಿಯಾಗುವ ಸಂಭವ ಇರುವುದಿಲ್ಲ, ನರಮಂಡಲದ ಮೊದಲ ರಚನೆ ಆರಂಭವಾಗುವುದೂ ಅದಾದ ಮೇಲೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2007ರಲ್ಲಿ ಹೊರತಂದು, 2013 ಮತ್ತು 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು ಇದೇ ಮಿತಿಯನ್ನು ಅಂಗೀಕರಿಸಿವೆ. ದಂಪತಿಯ ತಿಳಿದು ಕೊಟ್ಟ ಸಮ್ಮತಿಯಿಲ್ಲದೆ ಭ್ರೂಣವನ್ನು ಮುಟ್ಟುವಂತಿಲ್ಲ. ಅದಕ್ಕೆ ಹಣ ಕೊಡುವಂತಿಲ್ಲ. ನೈತಿಕ ಸಮಿತಿಯ ಜೊತೆಗೆ ಆಕರಕೋಶಗಳಿಗೇ ಮೀಸಲಾದ ಸಾಂಸ್ಥಿಕ ಸಮಿತಿಯ ಪೂರ್ವಾನುಮತಿ ಬೇಕು. ಮನುಷ್ಯನ ತದ್ರೂಪು ಸೃಷ್ಟಿಗೆ ನಿಷೇಧವಿದೆ.

ಇಷ್ಟು ಸಾಕೆ ಎಂದು ಕೇಳುವವರಿಗೆ ಕೊರಿಯಾದ ಪಾಠ ನೆನಪಿರಲಿ. ಸೋಲ್ ನಗರದ ಹ್ವಾಂಗ್ ವೂ-ಸುಕ್ ತದ್ರೂಪು ಭ್ರೂಣಗಳಿಂದ ಆಕರಕೋಶ ಪಡೆದೆನೆಂದು 2004 ಮತ್ತು 2005ರಲ್ಲಿ ಜಗತ್ತನ್ನು ಬೆರಗುಗೊಳಿಸಿದರು. ಅದು ಕೃತ್ರಿಮವೆಂದು ಬಯಲಾಯಿತು. ಅವರ ಪ್ರಯೋಗಾಲಯದ ಕಿರಿಯ ಮಹಿಳೆಯರೇ ಅಂಡಾಣು ನೀಡಿದ್ದರೆಂಬುದೂ ಬೆಳಕಿಗೆ ಬಂದಿತು. ಅಲ್ಲಿ ಸರ್ಕಾರದ ಹಣ ಧಾರಾಳವಾಗಿಯೇ ಇತ್ತು. ಸರ್ಕಾರದ ಕಣ್ಣು ಇರಲಿಲ್ಲ. ಭ್ರೂಣದ ಚರ್ಚೆಯಲ್ಲಿ ಹೆಣ್ಣಿನ ದೇಹ ಮರೆಗೆ ಸರಿಯುವುದು ಈ ಕ್ಷೇತ್ರದ ಹಳೆಯ ವ್ಯಾಧಿ. ಭಾರತದ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯು ಅಂಡಾಣು ದಾನಿಯು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬೇಕೆಂದೂ, ಆಕೆಯಿಂದ ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯಕೂಡದೆಂದೂ ವಿಧಿಸಿರುವುದು ಇದೇ ಎಚ್ಚರದಿಂದ.

ಇನ್ನೊಂದು ಆಕ್ಷೇಪ ಧರ್ಮಗ್ರಂಥದಿಂದ ಬಂದದ್ದಲ್ಲ, ಆಸ್ಪತ್ರೆಯ ವಾರ್ಡಿನಿಂದ ಬಂದದ್ದು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಭಾರವಾದದ್ದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು, ಐವರು ತೀರಿಕೊಂಡರು. ಅವರಿಗೆ ಏರಿಸಿದ್ದ ಐವಿ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿದ್ದು ರಾಜ್ಯವೇ ತಲ್ಲಣಿಸಿತು. ಒಂದು ಬಾಟಲಿ ದ್ರಾವಣವನ್ನು ಪರಿಶುದ್ಧವಾಗಿ ತಲುಪಿಸಲಾರದ ವ್ಯವಸ್ಥೆಗೆ ಜೀವಕೋಶಗಳ ಕನಸು ಯಾಕೆ ಎಂದು ಆ ಮನೆಗಳವರು ಕೇಳಿದರೆ ಯಾವ ವಿಜ್ಞಾನಿಯೂ ಹಗುರವಾಗಿ ಉತ್ತರಿಸಲಾಗದು. ಬಾಣಂತಿಯ ಪ್ರಾಣರಕ್ಷಣೆ ಸರ್ಕಾರದ ಪ್ರಥಮ ಋಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಋಣವನ್ನು ತೀರಿಸಲು ಪ್ರಯೋಗಾಲಯವನ್ನು ಮುಚ್ಚಬೇಕಾಗಿಲ್ಲ. ಔಷಧದ ಗುಣಪರೀಕ್ಷೆ ಬಿಗಿಯಾಗಬೇಕು, ತಪ್ಪಿಗೆ ಹೊಣೆ ನಿಗದಿಯಾಗಬೇಕು; ಅಲ್ಲಿ ಕೊರತೆಯಾದದ್ದು ಎಚ್ಚರ, ಮತ್ತು ಆಕರಕೋಶ ಸಂಶೋಧನೆಯೂ ಬೇಡುವುದು ಅದೇ ಎಚ್ಚರವನ್ನು.

ಈ ನೆಲಕ್ಕೆ ಸಾರ್ವಜನಿಕ ಹಣದ ದೀರ್ಘದೃಷ್ಟಿ ಹೊಸದೇನಲ್ಲ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರ ಕಾಲದವು. ತುಂಗಭದ್ರೆಯ ನೀರನ್ನು ಗದ್ದೆಗೆ ತಿರುಗಿಸಿದವರು ಅದರ ಅನ್ನವನ್ನು ಶತಮಾನಗಳಾಚೆಯ ಜನ ಉಣ್ಣುವರೆಂದು ನಂಬಿ ರಾಜಬೊಕ್ಕಸ ತೆರೆದಿದ್ದರು. ಸಂಶೋಧನೆಯ ಹಣವೂ ಕಾಲುವೆಯ ನೀರಿನಂತೆಯೇ: ತೂಬು ತೆರೆದ ಮಾತ್ರಕ್ಕೆ ಕೆಲಸ ಮುಗಿಯದು, ಕೊನೆಭಾಗದ ರೈತನ ಹೊಲ ತೊಯ್ದಿತೆ ಎಂದು ನೋಡಬೇಕು. ಈ ಸೀಮೆಯಲ್ಲಿ ಆ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊನೆಭಾಗದ ಆತಂಕ ಕಾಲ್ಪನಿಕವೂ ಅಲ್ಲ. ಪಾರ್ಕಿನ್‌ಸನ್ ರೋಗಿಗಳ ಮೆದುಳಿಗೆ ಭ್ರೂಣೀಯ ಆಕರಕೋಶಗಳಿಂದ ಬೆಳೆಸಿದ ನರಕೋಶಗಳನ್ನು ಸೇರಿಸುವ ಬೆಮ್‌ಡಾನೆಪ್ರೊಸೆಲ್ ಚಿಕಿತ್ಸೆಯನ್ನು 12 ಮಂದಿಯ ಮೇಲೆ ಪ್ರಯೋಗಿಸಿ, ಅದು ಸುರಕ್ಷಿತವೆಂದು ಕಂಡುಬಂದ ಫಲಿತಾಂಶವನ್ನು 2025ರ ಏಪ್ರಿಲಿನಲ್ಲಿ ನೇಚರ್ ಪತ್ರಿಕೆ ಪ್ರಕಟಿಸಿತು. ಯಮನಾಕಾ ಮಾರ್ಗ ತೆರೆದ ಮೇಲೂ ಭ್ರೂಣೀಯ ಕೋಶಗಳ ಪ್ರಸ್ತುತತೆ ಕುಂದಿಲ್ಲವೆಂಬುದಕ್ಕೆ ಇದು ಉಜ್ವಲ ಸಾಕ್ಷಿ. ಅದರ ಆರಂಭದ ಸಂಶೋಧನೆಗೆ ನ್ಯೂಯಾರ್ಕ್ ರಾಜ್ಯದ ಸಾರ್ವಜನಿಕ ನಿಧಿಯ ನೆರವಿತ್ತು. ಇಂದು ಅದು ಬೇಯರ್ ಔಷಧ ಕಂಪನಿಯ ಒಡೆತನದ ಸಂಸ್ಥೆಯ ಕೈಯಲ್ಲಿದೆ. ಕಂಪನಿಗಳ ಬಂಡವಾಳವಿಲ್ಲದೆ ಚಿಕಿತ್ಸೆ ರೋಗಿಯ ಹಾಸಿಗೆಯವರೆಗೆ ಬರಲಾರದು, ನಿಜ. ಆದರೆ ಪ್ರಜೆಗಳ ಹಣದಿಂದ ಮೊಳೆತದ್ದರ ಬೆಲೆಯನ್ನು ನಿರ್ಧರಿಸುವಾಗ ಪ್ರಜೆಗಳ ಮಾತಿಗೂ ಸ್ಥಾನವಿರಬೇಕು. ಭಾರತದ ಅನುದಾನ ಪತ್ರಗಳಲ್ಲೇ ಈ ಷರತ್ತು ಬರೆದಿರಬೇಕೆಂಬುದು ನನ್ನ ದೃಢವಾದ ಅಭಿಮತ. ವೆಲ್ಲೂರಿನಲ್ಲಿ ಇನ್‌ಸ್ಟೆಮ್‌ನ ಅಂಗವಾಗಿ ಬೆಳೆದ ಆಕರಕೋಶ ಸಂಶೋಧನಾ ಕೇಂದ್ರದವರು ಐವರು ಹೀಮೋಫಿಲಿಯಾ ರೋಗಿಗಳಿಗೆ ಅವರದೇ ರಕ್ತದ ಆಕರಕೋಶಗಳನ್ನು ತಿದ್ದಿ ಮರಳಿಸಿ, ರಕ್ತಸ್ರಾವ ನಿಲ್ಲಿಸಿದ್ದನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಭ್ರೂಣವನ್ನು ಮುಟ್ಟದ ಸಾಧನೆ ಅದು. ನಮ್ಮ ಸಾರ್ವಜನಿಕ ಸಂಸ್ಥೆಗಳಿಗೆ ಪ್ರಯೋಗಾಲಯದಿಂದ ರೋಗಿಯವರೆಗಿನ ಇಡೀ ದಾರಿಯನ್ನು ಕ್ರಮಿಸುವ ಶಕ್ತಿಯಿದೆಯೆಂದು ಅದು ತೋರಿಸಿಕೊಟ್ಟಿತು.

ಸರ್ಕಾರ ಕೈಬಿಟ್ಟ ಅಂಗಳವನ್ನು ಆಕ್ರಮಿಸುವವರು ಬೇರೆಯೇ ಇದ್ದಾರೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಇದೆಯೆಂದು ಮೊಬೈಲಿನಲ್ಲಿ ಜಾಹೀರಾತು ಹರಿಬಿಡುವ ಕ್ಲಿನಿಕ್‌ಗಳಿಗೆ ಹೊಲ ಮಾರಿ ಹಣ ಸುರಿದ ತಂದೆತಾಯಿಗಳು ದೇಶದೆಲ್ಲೆಡೆ ಇದ್ದಾರೆ. 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ವ್ಯಾಧಿಗಳಿಗೆ ನಡೆಯುವ ಅಸ್ಥಿಮಜ್ಜೆಯ ಆಕರಕೋಶ ಕಸಿಯನ್ನು ಬಿಟ್ಟರೆ ಉಳಿದದ್ದೆಲ್ಲ ಸಂಶೋಧನೆ. ಸಂಶೋಧನೆಗೆ ರೋಗಿಯಿಂದ ಶುಲ್ಕ ವಸೂಲಿ ಮಾಡುವುದು ಅನೈತಿಕ. ಇದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಒಂದು ಸಾರ್ವಜನಿಕ ಧ್ವನಿ ಪ್ರತಿ ಜಿಲ್ಲೆಗೂ ಬೇಕು. ಬಳ್ಳಾರಿಯಲ್ಲಿ ಅದಕ್ಕೆ ಯೋಗ್ಯ ನೆಲೆ 1961ರಿಂದಲೇ ಇದೆ. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆ ಕಾಲೇಜಿಗೆ ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವೆಂಬ ಹೆಸರಿದೆ.

ಆ ಹೆಸರಿನ ಉತ್ತರಾರ್ಧಕ್ಕೆ ಕೆಲಸ ಬೀಳುವ ಕಾಲ ದೂರವಿಲ್ಲ. 2021ರ ಕಾಯ್ದೆಯಂತೆ ಚಿಕಿತ್ಸಾ ಕೇಂದ್ರಗಳಲ್ಲಿ ಶೀತಲೀಕರಿಸಿಟ್ಟ ಭ್ರೂಣವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಅದು ನಶಿಸಲು ಬಿಡಬೇಕು, ಇಲ್ಲವೆ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ದಾನವಾಗಿ ನೀಡಬೇಕು. ಕಾಯ್ದೆ ಜಾರಿಗೆ ಬಂದ 2022ರಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿದ ಭ್ರೂಣಗಳಿಗೆ 2032ರಲ್ಲಿ ಹತ್ತು ತುಂಬುತ್ತದೆ. ಅಂದು ಬಳ್ಳಾರಿ ನಗರದ, ಸಿರುಗುಪ್ಪದ, ಕುರುಗೋಡಿನ ಕೆಲವು ದಂಪತಿಗಳ ಮುಂದೆಯೂ ಒಂದು ಒಪ್ಪಿಗೆ ಪತ್ರ ಬರಬಹುದು. ಅದು ಕನ್ನಡದಲ್ಲಿರಬೇಕು. ಯಾವ ಸಂಸ್ಥೆಗೆ, ಯಾವ ಉದ್ದೇಶಕ್ಕೆ, ಯಾರ ಹಣದಿಂದ ಎಂದು ಅದರಲ್ಲಿ ಬರೆದಿರಬೇಕು. ಬೇಡವೆನ್ನಲು ಅವಕಾಶವಿರಬೇಕು, ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲೂ ಅವಕಾಶವಿರಬೇಕು. ಚಿಕಿತ್ಸೆಯ ಬಿಲ್ಲು ಬರೆಯುವ ವೈದ್ಯರಿಗಿಂತ ಬೇರೆಯಾದ, ಸರ್ಕಾರದ ಸಂಬಳದ ಆಪ್ತಸಮಾಲೋಚಕಿಯೊಬ್ಬರು ಪಕ್ಕದಲ್ಲಿ ಕುಳಿತು ಗಂಡ ಹೆಂಡತಿ ಇಬ್ಬರಿಗೂ ಅದನ್ನು ಓದಿ ಹೇಳಬೇಕು. ಅಂತಹ ಆಪ್ತಸಮಾಲೋಚಕಿಯರ ಹುದ್ದೆಗಳನ್ನು ಸೃಷ್ಟಿಸಿ ತರಬೇತಿ ಕೊಡಲು ಬೇಕಾದ ಮೊತ್ತ ಒಂದು ಪ್ರಯೋಗಾಲಯದ ವೆಚ್ಚದ ಮುಂದೆ ಅತ್ಯಲ್ಪ, ಮತ್ತು ಆ ಬಾಬ್ತಿನ ಮೊದಲ ಹಣ ಬಿಡುಗಡೆಯಾಗಬೇಕಾದದ್ದು 2032ಕ್ಕೆ ಬಹಳ ಮುಂಚೆಯೇ.